ತಾತ ಪ್ರಾರ್ಥನೆ ನಿಲ್ಲಿಸಿದ್ದಾರೆ, ನಾವೇನು ಮಾಡಬೇಕು?

ಪ್ರಶ್ನೆ: ನನ್ನ ತಾತನಿಗೆ ಈಗ 80 ವರ್ಷ. ನನಗೆ ಬುದ್ಧಿ ಬಂದಾಗಿನಿಂದ ಅವರು ಬೆಳಗಿನ ಜಾವ ಅಜ್ಜಿಯ ಪಕ್ಕ ಕೂತು ಪ್ರಾರ್ಥನೆ ಮಾಡುವುದನ್ನು ನೋಡಿದ್ದೇನೆ. ಕೆಲಸ ಹೋದಾಗ, ಸಾಲ ಏರಿದಾಗ, ಚಿಕ್ಕಪ್ಪ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಾಗಲೂ ಅವರು ಒಂದು ದಿನವೂ ತಪ್ಪಿಸಿದವರಲ್ಲ. 14 ತಿಂಗಳ ಹಿಂದೆ ಅಜ್ಜಿ ಕ್ಯಾನ್ಸರ್‌ನಿಂದ ಹೋದರು. ಆರು ತಿಂಗಳಾದ ಮೇಲೆ ಹಳೇ ಮನೆ ಖಾಲಿ ಮಾಡಿಸಿ ತಾತನನ್ನು ನಮ್ಮ ಜೊತೆ ಕರೆದುಕೊಂಡು ಬಂದೆವು. ಬಂದಾಗಿನಿಂದ ಪ್ರಾರ್ಥನೆ ನಿಂತಿದೆ. ಪುಸ್ತಕ ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ. ಕೇಳಿದರೆ 'ಕೇಳಿಸಿಕೊಳ್ಳೋರು ಇದ್ದರೆ ತಾನೇ ಹೇಳೋದು' ಅನ್ನುತ್ತಾರೆ. ಅಪ್ಪ ಎರಡು ಸಲ ಒತ್ತಾಯ ಮಾಡಿ ಸಾಮೂಹಿಕ ಪ್ರಾರ್ಥನೆಗೆ ಕರೆದುಕೊಂಡು ಹೋದರು. ಎರಡೂ ಸಲ ಮಧ್ಯದಲ್ಲೇ ಎದ್ದು ಬಂದರು. ರಾತ್ರಿ ಮೂರೂವರೆಗೇ ಎದ್ದು ಸುಮ್ನೆ ಕೂತಿರುತ್ತಾರೆ. ತುಂಬ ತೆಳ್ಳಗಾಗಿದ್ದಾರೆ. ತಾತ ದೇವರನ್ನು ಬಿಟ್ಟಿದ್ದಕ್ಕೇ ಮನೆಗೆ ಒಂದರ ಮೇಲೊಂದು ತೊಂದರೆ ಬರುತ್ತಿದೆ ಅನ್ನುವುದು ಸೋದರತ್ತೆಯ ಮಾತು. 'ಅವರಿಷ್ಟ, ಬಿಟ್ಟುಬಿಡಿ' ಅನ್ನುವುದು ತಮ್ಮನದು. ಮೊನ್ನೆ ನನ್ನ 9 ವರ್ಷದ ಮಗ 'ತಾತ, ದೇವರು ಇದ್ದಾನಾ?' ಅಂತ ಕೇಳಿದ. 'ಗೊತ್ತಿಲ್ಲ ಮಗು' ಅಂದರು. ನನ್ನ ಎದೆ ಧಸಕ್ಕೆಂದಿತು. ಹೋದ ವಾರ 'ನನ್ನನ್ನೂ ಬೇಗ ಕರೆಸಿಕೊಂಡರೆ ಸಾಕು' ಅಂದರು. ಅವರ ನಂಬಿಕೆಯನ್ನು ವಾಪಸ್ ತರುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೊನೆಯಲ್ಲಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಅದನ್ನು ಮುಂದೆ ಹಾಕುವ ಹಾಗಿಲ್ಲ.

'ನನ್ನನ್ನೂ ಕರೆಸಿಕೊಂಡರೆ ಸಾಕು' ಅಂತ ವಯಸ್ಸಾದವರು ಹೇಳುವುದನ್ನು ವೈದ್ಯೆಯಾದ ನಾನು ವಾರಕ್ಕೆ ಒಂದೆರಡು ಸಲವಾದರೂ ಕೇಳುತ್ತೇನೆ. ಕೆಲವರ ಬಾಯಲ್ಲಿ ಅದು ಬರೀ ದಣಿವು. ಕೆಲವರು ಸಾವಿನ ಭಯ ಹೋಗಿದೆ ಅನ್ನುವುದನ್ನು ಹಾಗೆ ಹೇಳುತ್ತಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಜೀವ ಕಳೆದುಕೊಳ್ಳುವ ಯೋಚನೆ ಇರುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ನೇರವಾಗಿ ಕೇಳಿಬಿಡಬೇಕು. ಇಬ್ಬರೇ ಇರುವಾಗ ಪಕ್ಕ ಕೂತು, 'ತಾತ, ಸಾಯಬೇಕು ಅನ್ನಿಸುತ್ತಾ? ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ?' ಅಂತ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ ಎಲ್ಲ ಮನೆಗಳಲ್ಲೂ ಇದೆ. ಅದು ಸುಳ್ಳು. ಯಾರೋ ಕೊನೆಗೂ ಕೇಳಿದರಲ್ಲ ಅಂತ ಹಗುರಾದವರನ್ನೇ ನಾನು ಜಾಸ್ತಿ ನೋಡಿದ್ದೇನೆ. 'ಹೌದು' ಅಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಅವತ್ತೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು, ವಿಷದ ಔಷಧಿಗಳನ್ನು ಕೈಗೆ ಸಿಗದ ಕಡೆ ಇಡಿ. ಹೆಂಡತಿಯನ್ನು ಕಳೆದುಕೊಂಡ ವಯಸ್ಸಾದ ಗಂಡಸರಲ್ಲಿ ಈ ಅಪಾಯ ಬೇರೆಯವರಿಗಿಂತ ಹೆಚ್ಚು. ಅವರು ಅಳುವುದು ಕಡಿಮೆ, ಹೇಳಿಕೊಳ್ಳುವುದು ಇನ್ನೂ ಕಡಿಮೆ.

ಇನ್ನು ನಿಮ್ಮ ಪ್ರಶ್ನೆ. ಇಡೀ ಮನೆಯನ್ನು ಹೊತ್ತಿದ್ದ ಒಬ್ಬರ ನಂಬಿಕೆ ಕಣ್ಣೆದುರೇ ಕುಸಿಯುತ್ತಿದೆ, ಅದನ್ನು ಎತ್ತಿ ನಿಲ್ಲಿಸಬೇಕು ಅಂತ ನಿಮಗೆ ಅನಿಸಿದೆ. ಕಾಳಜಿ ಸರಿ. ಆದರೆ 'ನಂಬಿಕೆ ವಾಪಸ್ ತರುವುದು ಹೇಗೆ' ಅನ್ನುವುದಕ್ಕೆ ಮೊದಲು 'ನಿಂತಿರುವುದು ಏನು' ಅಂತ ಕೇಳಬೇಕು. ಪ್ರಾರ್ಥನೆ ನಿಂತಿರುವುದು ಎಲ್ಲರಿಗೂ ಕಾಣುತ್ತಿದೆ. ನಂಬಿಕೆ ಹೋಗಿದೆ ಅನ್ನುವುದು ಮನೆಯವರ ಊಹೆ. ಇವೆರಡನ್ನೂ ಒಂದೇ ಅಂದುಕೊಂಡರೆ ತಾತನಿಗೂ ಕಷ್ಟ, ನಿಮಗೂ ಕಷ್ಟ.

ಮೊದಲು ದೇಹ ನೋಡೋಣ. ನಂಬಿಕೆಯ ವಿಷಯದಲ್ಲಿ ಯಾರೂ ಅದನ್ನು ಯೋಚಿಸುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿಯನ್ನು ನನ್ನ ಬಳಿ ಕರೆತಂದಿದ್ದರು. 'ದೇವರ ಮೇಲೆ ಭಕ್ತಿ ಹೊರಟುಹೋಗಿದೆ, ಪ್ರಾರ್ಥನೆಗೆ ಕರೆದರೆ ಸಿಟ್ಟಾಗುತ್ತಾರೆ' ಅನ್ನುವುದು ಮಕ್ಕಳ ದೂರು. ಮಕ್ಕಳನ್ನು ಹೊರಗೆ ಕಳಿಸಿ ಕೇಳಿದೆ. ತುಂಬ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಕೊನೆಗೆ ಹೇಳಿದರು. ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ನೂರು ಜನರ ನಡುವೆ ಒಂದು ಗಂಟೆ ಕೂರುವುದು ಅವರಿಗೆ ನರಕವಾಗಿತ್ತು. ಮೈಲಿಗೆಯಾದ ಮೈಯಲ್ಲಿ ದೇವರ ಮುಂದೆ ಹೇಗೆ ಕೂರಲಿ ಅನ್ನುವ ಸಂಕಟ ಬೇರೆ. ನಾಚಿಕೆಯಿಂದ ಮಕ್ಕಳಿಗೆ ಹೇಳಿರಲಿಲ್ಲ. ಆರು ವಾರದ ಚಿಕಿತ್ಸೆ, ಬಾಗಿಲ ಪಕ್ಕದಲ್ಲಿ ಒಂದು ಕುರ್ಚಿ, ಇಷ್ಟರಲ್ಲೇ ಅವರು ಮತ್ತೆ ಹೋಗತೊಡಗಿದರು. ಅವರ ಭಕ್ತಿ ಎಲ್ಲಿಗೂ ಹೋಗಿರಲಿಲ್ಲ.

ನಿಮ್ಮ ತಾತ ಎರಡೂ ಸಲ ಮಧ್ಯದಲ್ಲೇ ಎದ್ದು ಬಂದರು. ಅಪ್ಪನಿಗೆ ಅದು ಹಟದಂತೆ ಕಂಡಿರಬಹುದು. 80 ವರ್ಷದ ಗಂಡಸು ಸಭೆಯ ಮಧ್ಯದಲ್ಲಿ ಎದ್ದರೆ ನನಗೆ ಮೊದಲು ನೆನಪಾಗುವುದು ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಆ ವಯಸ್ಸಿನಲ್ಲಿ ಅದು ದಪ್ಪಗಾಗಿ ಮೂತ್ರಕ್ಕೆ ಅವಸರ ತರುವುದು ತೀರಾ ಸಾಮಾನ್ಯ. ರಾತ್ರಿ ಎಚ್ಚರವಾಗುವುದಕ್ಕೂ ಅದು ಕಾರಣವಾಗಬಹುದು. ಆಮೇಲೆ ಮಂಡಿ, ಸೊಂಟ. ಆಮೇಲೆ ಕಣ್ಣು: ಪೆಟ್ಟಿಗೆಯಲ್ಲಿರುವ ಆ ಪುಸ್ತಕದ ಅಕ್ಷರ ಎಷ್ಟು ಸಣ್ಣದಿದೆ, ತೆಗೆದು ನೋಡಿದ್ದೀರಾ? ಪೊರೆ ಬಂದ ಕಣ್ಣಿಗೆ ಅದು ಬೂದು ಗೆರೆಗಳಂತೆ ಕಾಣುತ್ತದೆ. ಕಿವಿಯ ಕಥೆಯೂ ಇದೇ. ವಯಸ್ಸಿನ ಕಿವುಡುತನದಲ್ಲಿ ಸದ್ದು ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ದೊಡ್ಡ ಹಜಾರದಲ್ಲಿ, ಧ್ವನಿವರ್ಧಕದ ಪ್ರತಿಧ್ವನಿಯಲ್ಲಿ ಇನ್ನೂ ಕಷ್ಟ. ಎಲ್ಲರೂ ಒಂದೇ ದನಿಯಲ್ಲಿ ಹೇಳುವಾಗ ಒಬ್ಬರಿಗೆ ಮಾತ್ರ ಗದ್ದಲ ಕೇಳಿಸುತ್ತಿದ್ದರೆ ಅಲ್ಲಿ ಕೂರಲು ಹೇಗೆ ಮನಸ್ಸು ಬರುತ್ತದೆ?

ತೂಕದ ವಿಷಯವನ್ನು ಹಗುರವಾಗಿ ನೋಡಬೇಡಿ. ಆರರಿಂದ ಹನ್ನೆರಡು ತಿಂಗಳಲ್ಲಿ, ಪ್ರಯತ್ನಪಡದೆಯೇ, ದೇಹದ ತೂಕ 5% ಗಿಂತ ಜಾಸ್ತಿ ಇಳಿದರೆ ಕಾರಣ ಹುಡುಕಲೇಬೇಕು ಅನ್ನುವುದು ನಾವು ವೈದ್ಯರು ಇಟ್ಟುಕೊಂಡಿರುವ ಲೆಕ್ಕ. 60 ಕಿಲೋ ಇದ್ದವರು 57 ಆದರೆ ಅಷ್ಟು. ಥೈರಾಯ್ಡ್, ಬಿ12, ಸಕ್ಕರೆ, ರಕ್ತಹೀನತೆ, ಸೋಡಿಯಂ, ಮೂತ್ರಪಿಂಡ, ಇವಿಷ್ಟನ್ನು ಒಂದು ಸಲದ ರಕ್ತ ಪರೀಕ್ಷೆಯಲ್ಲೇ ನೋಡಬಹುದು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಂಪರು ತರುವ, ಹಸಿವು ಕೊಲ್ಲುವ ಮಾತ್ರೆ ಅದರಲ್ಲೇ ಇರಬಹುದು.

ದೇಹದ ಜೊತೆಗೇ ಖಿನ್ನತೆಯನ್ನೂ ಪರೀಕ್ಷಿಸಬೇಕು. ವಯಸ್ಸಾದವರ ಖಿನ್ನತೆ ಸಿನಿಮಾದಲ್ಲಿ ತೋರಿಸುವ ಹಾಗೆ ಇರುವುದಿಲ್ಲ. ಅಳು ಕಡಿಮೆ. ಹಸಿವಿಲ್ಲ, ಮೈಕೈ ನೋವು, ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರ, ಇಷ್ಟಪಡುತ್ತಿದ್ದ ಯಾವುದರಲ್ಲೂ ರುಚಿಯಿಲ್ಲ. ಪ್ರಾರ್ಥನೆಯೂ ಆ 'ಇಷ್ಟಪಡುತ್ತಿದ್ದ' ಪಟ್ಟಿಯಲ್ಲೇ ಬರುತ್ತದೆ. ಹೀಗಾಗಿ ಖಿನ್ನತೆಯಲ್ಲಿ ಅದು ಸತ್ತುಹೋದಂತೆ ಅನಿಸುತ್ತದೆ. ರೋಗಿಗಳು ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ: 'ಬಾಯಿ ಹೇಳುತ್ತೆ, ಒಳಗೆ ಏನೂ ಆಗಲ್ಲ', 'ಗೋಡೆ ಜೊತೆ ಮಾತಾಡಿದ ಹಾಗೆ'. ಹಿರಿಯರ ಖಿನ್ನತೆ ಗುರುತಿಸಲೆಂದೇ ಅಮೆರಿಕದ ಮನೋವೈದ್ಯ ಜೆರೋಮ್ ಯೆಸವೇಜ್ ಮತ್ತು ಅವರ ಸಂಗಡಿಗರು 1980ರ ದಶಕದ ಶುರುವಿನಲ್ಲಿ 30 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. 1986ರಲ್ಲಿ ಅದರ 15 ಪ್ರಶ್ನೆಗಳ ಚಿಕ್ಕ ರೂಪ ಬಂತು. ಹೌದು, ಇಲ್ಲ ಅಂದರೆ ಸಾಕು. 5 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಇನ್ನೂ ವಿವರವಾಗಿ ನೋಡುತ್ತೇವೆ. ಹತ್ತು ನಿಮಿಷದ ಕೆಲಸ.

ಖಿನ್ನತೆ ಇದೆ ಅಂತಾದರೆ ಔಷಧಿ ಇದೆ. ಒಳ್ಳೆಯದೂ ಕೆಟ್ಟದ್ದೂ ಎರಡನ್ನೂ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಕಡಿಮೆ ಪ್ರಮಾಣದಿಂದ ಶುರು ಮಾಡುತ್ತೇವೆ. ಗುಣ ಕಾಣಲು 4ರಿಂದ 8 ವಾರ ಬೇಕು. ಮೊದಲ ಕೆಲವು ವಾರಗಳಲ್ಲಿ ಕೆಲವರಿಗೆ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ, ಸುಸ್ತು ಆಗಬಹುದು. ಬೀಳುವ ಸಾಧ್ಯತೆ ಜಾಸ್ತಿಯಾಗುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಇದೆ. ಇವಕ್ಕೆಲ್ಲ ಹೆದರಿ ಬಿಡಬೇಕಿಲ್ಲ, ಗೊತ್ತಿರುವ ವೈದ್ಯರು ಗಮನಿಸುತ್ತಾ ಕೊಡುತ್ತಾರೆ. ಆದರೆ ಮೂರೂವರೆಗೆ ಏಳುತ್ತಾರೆ ಅಂತ ನೀವೇ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವುದು ಮಾತ್ರ ಬೇಡವೇ ಬೇಡ. ಅದು ಈ ವಯಸ್ಸಿನಲ್ಲಿ ಸೊಂಟ ಮುರಿಯುವುದಕ್ಕೂ ತಲೆ ಗೊಂದಲವಾಗುವುದಕ್ಕೂ ಹತ್ತಿರದ ದಾರಿ.

ಆ ಮೂರೂವರೆಯ ಬಗ್ಗೆ ಇನ್ನೊಂದು ಮಾತು. ಅವರೂ ಅಜ್ಜಿಯೂ ಪ್ರಾರ್ಥನೆಗೆ ಏಳುತ್ತಿದ್ದುದು ಎಷ್ಟು ಹೊತ್ತಿಗೆ? ಐವತ್ತು ವರ್ಷದಿಂದ ಆ ಹೊತ್ತಿಗೆ ಎದ್ದ ದೇಹ ಈಗಲೂ ಅದೇ ಹೊತ್ತಿಗೆ ಏಳುತ್ತಿರಬಹುದು. ಎದ್ದು ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಅವರು ಕತ್ತಲಲ್ಲಿ ಸುಮ್ನೆ ಕೂತಿರುವಾಗ ಒಳಗೆ ಏನು ನಡೆಯುತ್ತಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮರೆವಿನ ಕಾಯಿಲೆಯನ್ನೂ ಒಮ್ಮೆ ನೋಡಬೇಕು, ಚುಟುಕಾಗಿ ಹೇಳುತ್ತೇನೆ. ಅದರ ಶುರುವಿನಲ್ಲಿ ಕೆಲವರಿಗೆ ಯಾವುದನ್ನೂ ತಾವಾಗಿ ಆರಂಭಿಸಲು ಆಗುವುದಿಲ್ಲ. ದುಃಖವೂ ಇರುವುದಿಲ್ಲ, ಬೇಸರವೂ ಇರುವುದಿಲ್ಲ, ಸುಮ್ಮನಿರುತ್ತಾರೆ. ಆದರೆ ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ, ಹಾಡು ಎಷ್ಟೋ ಸಲ ತುಂಬ ಕಾಲ ಉಳಿದಿರುತ್ತವೆ. ಪಕ್ಕದಲ್ಲಿ ಯಾರಾದರೂ ಮೊದಲ ಸಾಲು ಎತ್ತಿಕೊಟ್ಟರೆ ಮುಂದಿನದು ತಾನಾಗಿ ಬರುತ್ತದೆ. ನಿಮ್ಮ ತಾತ ಹೇಳಿದ ಮಾತುಗಳ ಮೊನಚು ನೋಡಿದರೆ ನನಗೆ ಇದು ಮುಖ್ಯ ಕಾರಣ ಅನಿಸುವುದಿಲ್ಲ. ಆದರೂ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ಅದೇ ಮಾತನ್ನು ಮತ್ತೆ ಮತ್ತೆ ಕೇಳುವುದು ಇದ್ದರೆ ವೈದ್ಯರಿಗೆ ಹೇಳಿ.

ಈಗ ದುಃಖದ ವಿಷಯ. ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ದುಃಖಕ್ಕೆ ಐದು ಹಂತ ಇದೆ, ನಿರಾಕರಣೆ, ಸಿಟ್ಟು ಹೀಗೆ ಮೆಟ್ಟಿಲು ಇಳಿದು ಕೊನೆಗೆ ಒಪ್ಪಿಕೊಳ್ಳುತ್ತಾರೆ ಅಂತ ನೀವೂ ಕೇಳಿರಬಹುದು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಆ ಐದನ್ನು ಬರೆದದ್ದು ತಾವೇ ಸಾವಿನ ಹತ್ತಿರ ಇದ್ದ ರೋಗಿಗಳೊಂದಿಗೆ ಮಾತಾಡಿ. ಒಬ್ಬರನ್ನು ಕಳೆದುಕೊಂಡು ಬದುಕಿರುವವರು ಆ ಕ್ರಮದಲ್ಲಿ ನಡೆಯುತ್ತಾರೆ ಅನ್ನುವುದಕ್ಕೆ ಆಧಾರ ಗಟ್ಟಿಯಿಲ್ಲ. ನನ್ನ ಅನುಭವಕ್ಕೆ ಹತ್ತಿರವಾಗಿರುವುದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ಮಾತು. ದುಃಖದಲ್ಲಿರುವವರು ಉಯ್ಯಾಲೆಯಂತೆ ಓಲಾಡುತ್ತಾರೆ. ಒಮ್ಮೆ ಹೋದವರ ಕಡೆಗೆ, ಒಮ್ಮೆ ಉಳಿದ ಬದುಕಿನ ಕಡೆಗೆ. ಎರಡೂ ಕಡೆ ಓಲಾಡುತ್ತಿದ್ದರೆ ಚಿಂತೆಯಿಲ್ಲ. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ಕಷ್ಟ.

ನಿಮ್ಮ ತಾತನಿಗೆ ಓಲಾಡಲು ಜಾಗವೇ ಸಿಕ್ಕಿಲ್ಲವೇನೋ ಅನಿಸುತ್ತದೆ. ಹೆಂಡತಿ ಹೋಗಿ ಆರು ತಿಂಗಳಿಗೆ ಮನೆಯೂ ಹೋಯಿತು. ಅವರು ಪ್ರಾರ್ಥನೆಗೆ ಕೂರುತ್ತಿದ್ದ ಮೂಲೆ ಹೋಯಿತು, ಪಕ್ಕದವರು ಹೋದರು, ಮನೆಯ ಯಜಮಾನ ಅನ್ನುವ ಸ್ಥಾನವೂ ಹೋಯಿತು. ನೀವು ಪ್ರೀತಿಯಿಂದಲೇ ಮಾಡಿದಿರಿ, ಬೇರೆ ದಾರಿ ಇರಲಿಲ್ಲವೇನೋ. ಆದರೆ ಗಮನಿಸಿ, ಪ್ರಾರ್ಥನೆ ನಿಂತಿದ್ದು ಅಜ್ಜಿ ಹೋದಾಗಿನಿಂದ ಅಂತ ನೀವು ಬರೆದಿಲ್ಲ. ನಿಮ್ಮ ಮನೆಗೆ ಬಂದಾಗಿನಿಂದ ಅಂತ ಬರೆದಿದ್ದೀರಿ. ಆ ಮೊದಲ ಆರು ತಿಂಗಳು ಅವರು ಹಳೇ ಮನೆಯಲ್ಲಿ ಒಬ್ಬರೇ ಪ್ರಾರ್ಥನೆ ಮಾಡುತ್ತಿದ್ದರಾ? ಹಾಗಿದ್ದರೆ ಅಜ್ಜಿಯ ಜೊತೆ ಉಳಿದಿದ್ದ ಕೊನೆಯ ನಂಟು ಆ ಮೂಲೆಯೇ ಆಗಿತ್ತೇನೋ. ಇದು ನಿಮ್ಮನ್ನು ದೂರುವುದಕ್ಕಲ್ಲ. ಹುಡುಕುವ ದಿಕ್ಕು ಇದರಿಂದ ಬದಲಾಗುತ್ತದೆ.

ದುಃಖ ಎಷ್ಟು ದಿನ ಇದ್ದರೆ ಸರಿ ಅಂತ ಜನ ಕೇಳುತ್ತಾರೆ. ಇಷ್ಟೇ ದಿನ ಅಂತ ಗಡುವು ಇಲ್ಲ. ಆದರೆ ಹೋದವರ ಹಂಬಲ ಪ್ರತಿದಿನವೂ ಅಷ್ಟೇ ತೀವ್ರವಾಗಿದ್ದು, ಬದುಕು ನಿಂತೇ ಹೋದರೆ ಅದನ್ನು ದೀರ್ಘ ದುಃಖದ ಕಾಯಿಲೆ ಅಂತ ಈಗ ಗುರುತಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಕನಿಷ್ಠ 6 ತಿಂಗಳು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ಕನಿಷ್ಠ 12 ತಿಂಗಳು ಅನ್ನುತ್ತದೆ. ತಾತನಿಗೆ 14 ಆಗಿದೆ, ಹಾಗಾಗಿ ಇದನ್ನು ಕೇಳಿ ನೋಡುವುದು ನ್ಯಾಯ. ಇದಕ್ಕೆಂದೇ ಅಮೆರಿಕದ ಮನೋವೈದ್ಯೆ ಕ್ಯಾಥರಿನ್ ಶಿಯರ್ ಅವರ ತಂಡ 16 ಭೇಟಿಗಳ ಮಾತಿನ ಚಿಕಿತ್ಸೆ ರೂಪಿಸಿದೆ. 50 ದಾಟಿದ 151 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಚಿಕಿತ್ಸೆ ಪಡೆದವರಲ್ಲಿ ಸುಮಾರು 70% ಜನರಿಗೆ ಗುಣ ಕಂಡಿತು. ಇನ್ನೊಂದು ಬಗೆಯ ಮಾತಿನ ಚಿಕಿತ್ಸೆ ಪಡೆದವರಲ್ಲಿ ಅದು 32%. ಅಂದರೆ 'ಈ ವಯಸ್ಸಿನಲ್ಲಿ ಕೌನ್ಸೆಲಿಂಗ್ ಏನು ಪ್ರಯೋಜನ' ಅನ್ನುವ ಮಾತು ನಿಲ್ಲುವುದಿಲ್ಲ. ಕಷ್ಟವೂ ಇದೆ. ಸಾವಿನ ನೆನಪನ್ನು ಎದುರಿಸುವ ಆ ಭೇಟಿಗಳು ಮೊದಲು ನೋವನ್ನು ಜಾಸ್ತಿ ಮಾಡಬಹುದು. ಎರಡನೇ ಭೇಟಿಗೇ ಬಿಟ್ಟುಬಿಡುತ್ತೇನೆ ಅನ್ನುವವರು ಇದ್ದಾರೆ. ಯಾರಾದರೂ ಜೊತೆಗೆ ಹೋಗಿ ಬರುತ್ತಿದ್ದರೆ ಉಳಿಯುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ವಿಷಯ ಉಳಿಯುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ತಾತ ಒಂದು ಕಡೆ 'ಕೇಳಿಸಿಕೊಳ್ಳೋರು ಇಲ್ಲ' ಅನ್ನುತ್ತಾರೆ. ಇನ್ನೊಂದು ಕಡೆ 'ಕರೆಸಿಕೊಂಡರೆ ಸಾಕು' ಅನ್ನುತ್ತಾರೆ. ಕರೆಸಿಕೊಳ್ಳುವವರು ಯಾರು? ಯಾರೂ ಇಲ್ಲ ಅಂತ ತೀರ್ಮಾನ ಮಾಡಿದವರು ಹಾಗೆ ಮಾತಾಡುವುದಿಲ್ಲ. ಇದು ರೂಢಿಯ ಮಾತಷ್ಟೇ ಇರಬಹುದು, ಒಪ್ಪುತ್ತೇನೆ. ಆದರೂ ನನಗೆ ಇದು ಮುನಿಸಿನಂತೆ ಕೇಳಿಸುತ್ತದೆ. ಹೆಂಡತಿಯ ಕಾಯಿಲೆಯುದ್ದಕ್ಕೂ ಅವರು ಬೇಡಿಕೊಂಡಿದ್ದಾರೆ. ಅವರು ಬೇಡಿದ್ದು ಸಿಗಲಿಲ್ಲ. ಐವತ್ತು ವರ್ಷ ಮಾತಾಡಿದವರ ಜೊತೆ ಈಗ ಮಾತು ಬಿಟ್ಟಿದ್ದಾರೆ. ಮಾತು ಬಿಡಬೇಕಾದರೂ ಎದುರಿಗೆ ಒಬ್ಬರು ಇರಬೇಕು ಅಲ್ವಾ?

ಈ ಒದ್ದಾಟವನ್ನು ಹೆಚ್ಚು ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಒಬ್ಬರು. ಅವರೂ ಸಂಗಡಿಗರೂ 55 ದಾಟಿದ, ಆಸ್ಪತ್ರೆಯಲ್ಲಿದ್ದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಒಂದು ವರದಿ ಪ್ರಕಟಿಸಿದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಅಂತ ನರಳುತ್ತಿದ್ದವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಹೆಚ್ಚಿತ್ತು, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ದಯವಿಟ್ಟು ಇದನ್ನು ತಾತನ ಮುಂದೆ ಹೇಳಬೇಡಿ, ಸೋದರತ್ತೆಗೂ ಹೇಳಬೇಡಿ. ಸಂಶಯ ಬಂದರೆ ಸಾವು ಬರುತ್ತದೆ ಅಂತ ಇದರ ಅರ್ಥ ಅಲ್ಲ. ಇವೆರಡೂ ಜೊತೆಗೆ ಕಂಡವು, ಅಷ್ಟೇ. ಆಮೇಲಿನ ಕೆಲಸದಲ್ಲಿ ಇನ್ನೂ ಮುಖ್ಯವಾದ ಮಾತು ಸಿಕ್ಕಿತು. ಒಮ್ಮೆ ಒದ್ದಾಡಿ ಮುಂದೆ ಹೋದವರ ಬಗ್ಗೆ ಅಷ್ಟು ಚಿಂತೆ ಇರಲಿಲ್ಲ. ಎರಡು ವರ್ಷವಾದರೂ ಅದೇ ಒದ್ದಾಟದಲ್ಲಿ ಉಳಿದುಹೋದವರ ಆರೋಗ್ಯ ಕುಸಿದಿತ್ತು. ಅಂದರೆ ಸಿಟ್ಟು ಬರುವುದು ಅಪಾಯವಲ್ಲ, ಆ ಸಿಟ್ಟಿನ ಜೊತೆ ಒಬ್ಬರೇ ಉಳಿಯುವುದು ಅಪಾಯ. ಮನೆಯಲ್ಲಿ ಈಗ ಆಗುತ್ತಿರುವುದು ಇದೇ. ತಾತ ಬಾಯಿ ತೆರೆದರೆ ಒಬ್ಬರು ಬುದ್ಧಿ ಹೇಳುತ್ತಾರೆ, ಒಬ್ಬರು ಶಾಪ ಅನ್ನುತ್ತಾರೆ, ಒಬ್ಬರು ಬಿಟ್ಟುಬಿಡಿ ಅನ್ನುತ್ತಾರೆ. ಕೂತು ಕೇಳಿದವರು ಯಾರು?

ಅಪ್ಪನಿಗೆ ಒಂದು ಮಾತು ತಲುಪಿಸಿ. ದೇವರ ಮೇಲೆ ಸಿಟ್ಟಾಗುವುದು ನಂಬಿಕೆಗೆ ಹೊರಗಿನದ್ದಲ್ಲ. ನಮ್ಮ ದಾಸರ ಪದಗಳಲ್ಲಿ ನಿಂದಾಸ್ತುತಿ ಅಂತಲೇ ಒಂದು ಬಗೆ ಇದೆ, ದೇವರನ್ನು ಬೈದೇ ಹಾಡುವುದು. ಬೈಬಲ್‌ನಲ್ಲಿ ಯೋಬನ ಕಥೆ ಇದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ನೇರವಾಗಿ ದೇವರನ್ನೇ ಪ್ರಶ್ನಿಸುತ್ತಾನೆ. ಅವನಿಗೆ ಬುದ್ಧಿ ಹೇಳಲು ಬಂದ ಗೆಳೆಯರ ಮೇಲೆ ಕೊನೆಯಲ್ಲಿ ದೇವರಿಗೆ ಸಿಟ್ಟು ಬರುತ್ತದೆ, ಯೋಬನ ಮೇಲಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕಕ್ಕೆ ಗೊತ್ತಾಯಿತು, ದಶಕಗಳ ಕಾಲ ಅವರಿಗೆ ದೇವರು ಹತ್ತಿರ ಇದ್ದಾನೆ ಅನಿಸಿರಲೇ ಇಲ್ಲ. ಆ ಕತ್ತಲನ್ನು ಅವರು ತಮ್ಮ ಗುರುಗಳಿಗೆ ಬರೆದುಕೊಳ್ಳುತ್ತಿದ್ದರು. ತಾತನಿಗೂ ಹಾಗೆ ಹೇಳಿಕೊಳ್ಳಲು ಒಬ್ಬರು ಬೇಕು.

ಹಾಗಾದರೆ ಮಾಡುವುದೇನು? ಅಪ್ಪನ ದಾರಿ, ಅಂದರೆ ಒತ್ತಾಯ. ಅದರಿಂದ ತಾತ ಕೂರಬಹುದು, ತುಟಿ ಅಲ್ಲಾಡಿಸಬಹುದು. ಆದರೆ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. 'ಕರೆಸಿಕೊಂಡರೆ ಸಾಕು' ಅನ್ನುವ ಮಾತು ಕೂಡ ಮುಂದೆ ನಿಮ್ಮ ಕಿವಿಗೆ ಬೀಳುವುದಿಲ್ಲ. ನನಗೆ ಹೆಚ್ಚು ಭಯ ಅದರದ್ದೇ. ತಮ್ಮನ ದಾರಿ, 'ಅವರಿಷ್ಟ' ಅನ್ನುವುದು ಗೌರವದಂತೆ ಕಾಣುತ್ತದೆ. ಆರೋಗ್ಯವಂತರ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ತೂಕ ಇಳಿದಿರುವ, ನಿದ್ದೆ ಕೆಟ್ಟಿರುವ, ಸಾವಿನ ಮಾತಾಡಿರುವ ಒಬ್ಬರನ್ನು ಅವರ ಪಾಡಿಗೆ ಬಿಡುವುದು ಸರಿಯಲ್ಲ. ಸೋದರತ್ತೆಯ ಮಾತಿಗೆ ಒಂದೇ ಉತ್ತರ: ತಾತ ದಿನವೂ ಪ್ರಾರ್ಥನೆ ಮಾಡುತ್ತಿದ್ದಾಗಲೂ ಮನೆಯಲ್ಲಿ ಕೆಲಸ ಹೋಗಿತ್ತು, ಸಾಲ ಆಗಿತ್ತು, ಮಗ ತೀರಿಕೊಂಡಿದ್ದ. ನೀವೇ ಬರೆದಿದ್ದೀರಿ. ಆ ಮಾತು ತಾತನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ದುಃಖದಲ್ಲಿರುವವರ ತಲೆಯ ಮೇಲೆ ಅಪರಾಧ ಹೊರಿಸಿದರೆ ಅವರು ಅದನ್ನು ನಂಬಿಬಿಡುತ್ತಾರೆ. ಪರಿಹಾರ ಮಾಡಿಸುತ್ತೇವೆ ಅಂತ ಹಣ ಕೇಳುವವರು ಬರುವುದೂ ಇಂಥ ಸಮಯದಲ್ಲೇ. ಅವರನ್ನು ಬಾಗಿಲಲ್ಲೇ ತಡೆಯಿರಿ.

ತಾತ ಗೌರವಿಸುವ ಧರ್ಮಗುರುಗಳೋ ಹಿರಿಯರೋ ಇದ್ದರೆ ಮನೆಗೆ ಬರಲು ಕೇಳಬಹುದು. ಆದರೆ ಮೊದಲು ತಾತನನ್ನು ಕೇಳಿ. ಬರುವವರಿಗೂ ಮುಂಚೆಯೇ ಹೇಳಿ, ಉಪದೇಶ ಬೇಡ, ಕೇಳಿಸಿಕೊಂಡರೆ ಸಾಕು ಅಂತ. ಒಳ್ಳೆಯವರು ಸಿಕ್ಕಿದರೆ ಅವರು ನನ್ನಂಥ ವೈದ್ಯರಿಗಿಂತ ದೊಡ್ಡ ಕೆಲಸ ಮಾಡುತ್ತಾರೆ. 'ಎಲ್ಲ ದೇವರ ಇಚ್ಛೆ' ಅಂತ ಮುಗಿಸಿ ಎದ್ದುಹೋಗುವವರು ಸಿಕ್ಕಿದರೆ ತಾತನ ಬಾಗಿಲು ಇನ್ನೂ ಬಿಗಿಯಾಗುತ್ತದೆ.

ನೀವು ಮಾಡಬಹುದಾದ್ದು ಇನ್ನೊಂದಿದೆ. ವಯಸ್ಸಾದವರು ಹಿಂದಿನದನ್ನು ನೆನೆಯುವುದು ಅರಳುಮರಳಲ್ಲ, ಬದುಕಿನ ಲೆಕ್ಕ ನೋಡಿಕೊಳ್ಳುವ ಅಗತ್ಯ ಕೆಲಸ ಅಂತ ರಾಬರ್ಟ್ ಬಟ್ಲರ್ ಎಂಬ ವೈದ್ಯ 1963ರಲ್ಲಿ ಬರೆದರು. ನಾನು ಅದನ್ನು ದಿನವೂ ಬಳಸುತ್ತೇನೆ. ತಾತನ ನಂಬಿಕೆಯ ಕಥೆ ಕೇಳಿ. ಪ್ರಾರ್ಥನೆ ಕಲಿಸಿದ್ದು ಯಾರು? ಅಜ್ಜಿಯ ಜೊತೆ ಕೂರಲು ಶುರು ಮಾಡಿದ್ದು ಯಾವಾಗ? ಯಾವ ವರ್ಷಗಳಲ್ಲಿ ಅದು ಗಟ್ಟಿಯಾಗಿತ್ತು, ಯಾವಾಗ ಸಡಿಲವಾಗಿತ್ತು? ಚಿಕ್ಕಪ್ಪ ಹೋದಾಗಲೂ ತಪ್ಪಿರಲಿಲ್ಲ ಅಂತ ನೀವು ಬರೆದಿದ್ದೀರಿ. ಆಗ ನೀವು ಚಿಕ್ಕವರಿರಬೇಕು. ನಿಮಗೆ ಕಂಡದ್ದು ಅವರು ಕೂತಿದ್ದು. ಒಳಗೆ ಏನಿತ್ತು ಅಂತ ಯಾರೂ ಕೇಳಿರಲಿಕ್ಕಿಲ್ಲ. ಇದೇ ಥರ ಒಬ್ಬ ಹಿರಿಯರನ್ನು ನಾನು ಕೇಳಿದಾಗ, ಮಗ ಹೋದ ಮೇಲೆ ಮೂರು ವರ್ಷ ಕಣ್ಣು ಮುಚ್ಚಿ ಬರೀ ಕೂತಿದ್ದೆ, ಒಂದು ಶಬ್ದವೂ ಹೇಳಿರಲಿಲ್ಲ ಅಂದರು. ಪಕ್ಕದಲ್ಲಿದ್ದ ಹೆಂಡತಿಗೆ ಮಾತ್ರ ಗೊತ್ತಿತ್ತಂತೆ. ಅವಳು ಜೋರಾಗಿ ಹೇಳುತ್ತಿದ್ದಳು, ಇಬ್ಬರ ಪರವಾಗಿ. ನಿಮ್ಮ ತಾತನ ಕಥೆ ಬೇರೆ ಇರಬಹುದು. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಮನೆಯ ನಂಬಿಕೆಯನ್ನು ಇಷ್ಟು ವರ್ಷ ಹೊತ್ತಿದ್ದು ತಾತನೋ, ಅಜ್ಜಿಯೋ?

ಕಥೆ ಕೇಳುವಾಗ ತಿದ್ದಬೇಡಿ. 'ಹಾಗೆಲ್ಲ ಅನ್ನಬಾರದು ತಾತ' ಅನ್ನುವ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಕಥೆ ಮುಗಿದ ಮೇಲೆ ಪ್ರಾರ್ಥನೆಗೂ ಕರೆಯಬೇಡಿ. ಕರೆದರೆ ಇಷ್ಟು ಹೊತ್ತು ಕೇಳಿದ್ದು ಇದಕ್ಕೇ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಅವರಿಗೆ ಅಂತ ಒಂದು ಮೂಲೆ ಮಾಡಿಕೊಡಿ. ಹಳೇ ಮನೆಯಿಂದ ತಂದ ಕುರ್ಚಿ, ಅಜ್ಜಿಯ ಒಂದು ವಸ್ತು, ಒಂದು ದೀಪ. ಅಲ್ಲಿ ಅವರು ಏನು ಮಾಡುತ್ತಾರೋ ಅವರಿಗೆ ಬಿಟ್ಟಿದ್ದು. ನೀವು ನಂಬುವವರಾದರೆ ನಿಮ್ಮ ಪ್ರಾರ್ಥನೆಯನ್ನು ನೀವು ಮಾಡಿ, ಅವರಿಗೆ ಕೇಳಿಸುವಷ್ಟು ದನಿಯಲ್ಲಿ, ಅವರ ಕಡೆ ನೋಡದೆ.

ಅವರು ಮತ್ತೆ ಪ್ರಾರ್ಥನೆ ಶುರು ಮಾಡುತ್ತಾರಾ? ಹಲವರು ಮಾಡುತ್ತಾರೆ, ಸಾಮಾನ್ಯವಾಗಿ ಮೊದಲಿನ ಥರ ಇರುವುದಿಲ್ಲ. ಬೇಡಿಕೆ ಕಡಿಮೆಯಾಗುತ್ತದೆ, ಮೌನ ಜಾಸ್ತಿಯಾಗುತ್ತದೆ. ಕೆಲವರು ಮಾಡುವುದೇ ಇಲ್ಲ, ಆದರೂ ಊಟ, ನಿದ್ದೆ, ನಗು ವಾಪಸ್ ಬರುತ್ತವೆ. ವೈದ್ಯೆಯಾಗಿ ನಾನು ಅದನ್ನು ಸೋಲು ಅನ್ನುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ತೀರಾ ಅತಿಗೆ ಹೋದರೆ, ಅಂದರೆ ಉಪವಾಸ ಅಂತ ಊಟ ಮಾತ್ರೆ ಎರಡನ್ನೂ ಬಿಡುವುದು, ಯಾರೂ ಇಲ್ಲದಾಗ ಆಜ್ಞೆ ಕೇಳಿಸುವುದು, ಇರುವುದನ್ನೆಲ್ಲ ಕೊಟ್ಟುಬಿಡುವುದು, ಆಗ ಭಕ್ತಿ ಮರಳಿತು ಅಂತ ಸಂತೋಷಪಡುತ್ತಾ ಕೂರದೆ ಬೇಗ ತೋರಿಸಿ.

ನಿಮ್ಮ ಮಗನ ವಿಷಯ. ತಾತನ 'ಗೊತ್ತಿಲ್ಲ ಮಗು' ಕೇಳಿ ಮಗುವಿನ ನಂಬಿಕೆಯೂ ಹೋಗುತ್ತದೆ ಅಂತ ನಿಮಗೆ ಭಯವಾಯಿತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ ಅವರ ತಂಡ 1970ರ ದಶಕದ ಶುರುವಿನಿಂದ 350ಕ್ಕೂ ಹೆಚ್ಚು ಕುಟುಂಬಗಳನ್ನು, ತಲೆಮಾರಿನಿಂದ ತಲೆಮಾರಿಗೆ, ದಶಕಗಳ ಕಾಲ ಗಮನಿಸಿತು. ನಂಬಿಕೆ ಮಕ್ಕಳಿಗೆ ದಾಟುವುದರಲ್ಲಿ ಕಟ್ಟುನಿಟ್ಟಿಗಿಂತ ಹಿರಿಯರ ಜೊತೆಗಿನ ಬೆಚ್ಚಗಿನ ಸಂಬಂಧವೇ, ಅದರಲ್ಲೂ ಅಪ್ಪನ ಜೊತೆಗಿನದು, ಹೆಚ್ಚು ಲೆಕ್ಕಕ್ಕೆ ಬರುತ್ತದೆ ಅನ್ನುವುದು ಅವರು ಕಂಡದ್ದು. ಅಜ್ಜ ಅಜ್ಜಿಯರ ಪಾಲೂ ಅದರಲ್ಲಿ ದೊಡ್ಡದು. ನಿಮ್ಮ ತಾತ ಮಗುವಿಗೆ ಸುಳ್ಳು ಹೇಳಲಿಲ್ಲ, ಗದರಲಿಲ್ಲ, 'ಮಗು' ಅಂತ ಕರೆದು ನಿಜ ಹೇಳಿದರು. ಮಗ ಮತ್ತೆ ಕೇಳಿದರೆ, 'ತಾತನಿಗೆ ಅಜ್ಜಿ ಇಲ್ಲದೆ ತುಂಬ ನೋವಾಗಿದೆ. ನೋವಾದಾಗ ಎಷ್ಟೋ ವಿಷಯ ಗೊತ್ತಾಗುವುದಿಲ್ಲ. ಅಮ್ಮ ಹೀಗೆ ನಂಬುತ್ತಾಳೆ' ಅಂತ ಹೇಳಿ, ನೀವು ಹೇಗೆ ನಂಬುತ್ತೀರೋ ಹಾಗೆ. ತಾತನ ಜೊತೆ ಕೂರಲು ಮಗನನ್ನು ತಡೆಯಬೇಡಿ. ಆ ಮನೆಯಲ್ಲಿ ತಾತನಿಗೆ ಬುದ್ಧಿ ಹೇಳದೆ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಸಾವಿನ ಮಾತಿನ ಬಗ್ಗೆ ತಾತನನ್ನು ಇವತ್ತೇ ಕೇಳಿ. ರಕ್ತ ಪರೀಕ್ಷೆ, ಮೂತ್ರದ ತೊಂದರೆ, ಕಣ್ಣು, ಕಿವಿ ಇವನ್ನು ಈ ವಾರದಲ್ಲೇ ತೋರಿಸಿ. ವೈದ್ಯರ ಕೊಠಡಿಯಲ್ಲಿ ತಾತ ಒಬ್ಬರೇ ಇರಲು ಹತ್ತು ನಿಮಿಷ ಬಿಟ್ಟುಕೊಡಿ, ನಿಮ್ಮ ಮುಂದೆ ಹೇಳಲಾಗದ್ದು ಇರಬಹುದು. ವರದಿಗಳು ಬಂದ ಮೇಲೆ ಮತ್ತೆ ಬರೆಯಿರಿ. ಮೂರೂವರೆಗೆ ಕತ್ತಲಲ್ಲಿ ಕೂತು ತಾತ ಏನು ಮಾಡುತ್ತಾರೆ ಅನ್ನುವುದು ಗೊತ್ತಾದರೆ ಅದನ್ನೂ ಬರೆಯಿರಿ.